ಟಬ್ಬಿನಲ್ಲಿ ಕರಗಿದ ಕ್ರಾಸಿಗೈರಿನಸ್

ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದೆ. ಇದು ಕೊನೆಯ ಅವಕಾಶ. ಇದೂ ಹೋದರೆ ಡಿಗ್ರಿಯೇ ಇಲ್ಲ. ನಮ್ಮೂರು ತರೀಕೆರೆಯಲ್ಲಿ ಯಾರ ದನಿಯನ್ನು ಬೇಕಾದರೂ ಅಣಕಿಸಬಲ್ಲ ನನಗೆ ಕಪ್ಪೆಯ ಒಂದು ಎಲುಬು ಗುರುತಿಸಲು ಬರುತ್ತಿರಲಿಲ್ಲ.

ನಮಗೆ ಪಾಠ ಮಾಡುವ ಮೇಡಂ ನನಗೆ ಕ್ರಾಸಿಗೈರಿನಸ್‌ನ ಮಾದರಿ ಮಾಡಲು ಹೇಳಿದ್ದರು. ಕಲ್ಲಿದ್ದಲು ಹುಟ್ಟಿದ ಕಾಲದಲ್ಲಿ ಜೌಗುನೀರಿನಲ್ಲಿ ಬೇಟೆಯಾಡುತ್ತಿದ್ದ, ಈಗ ಅಳಿದುಹೋದ ಪ್ರಾಣಿ. ಹಾವುಮೀನಿನಂಥ ಮೈ, ಮೊಸಳೆಯಂಥ ಬಾಯಿ, ಇದ್ದೂ ಇಲ್ಲದಂಥ ಮುಂಗಾಲು.

ಅಜ್ಜಂಪುರದಲ್ಲಿ ಗಣಪತಿ ಮಾಡುವ ಸೋದರಮಾವನ ಹತ್ತಿರ ಓಡಿದೆ.

"ಮಾವ, ಇದನ್ನ ನೀರಲ್ಲೇ ಇಟ್ಟು ತೋರಿಸ್ಬೇಕು."

"ನೀರಿಗೆ ಬಿಡೋದು ತಾನೆ? ನಂಗೇ ಹೇಳ್ಕೊಡ್ತೀಯೇನ್ಲೇ?" ಎನ್ನುತ್ತಾ ಮಾವ ಕೆರೆಮಣ್ಣು ನಾದಿದ. ಮುಗಿಸಿ ಹಿಂದೆ ಸರಿದು ನೋಡಿ, "ಇಷ್ಟುದ್ದ ಮೈಗೆ ಇಷ್ಟೇ ಕೈಯಾ? ಬರೀ ಬಾಯಿ! ಥೇಟ್ ನೀನೇ ಕಣೋ" ಎಂದ.

ಕಡೂರಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಮೇಡಂ ಮತ್ತು ಹೊರಗಿನಿಂದ ಬಂದ ಪರೀಕ್ಷಕರ ಎದುರು ಅದನ್ನು ಟಬ್ಬಿನ ನೀರಿಗೆ ಇಳಿಸಿದೆ. ಮಾವ ಮಣ್ಣು ಹದ ಮಾಡಿದ್ದು ವಿಸರ್ಜನೆಗೆ. ಮೊದಲು ಮುಂಗಾಲು ಹೋದವು, ಆಮೇಲೆ ಹಲ್ಲು. ಕೈಹಾಕಿ ಹಿಡಿಯಹೋದರೆ ಕೈಗೆ ಬಂದದ್ದು ಕೆಸರು.

"ನಿನ್ ಪ್ರಾಣಿ ಎಲ್ಲಪ್ಪಾ?" ಎಂದರು ಪರೀಕ್ಷಕರು.

"ಅಳಿದೋಯ್ತು ಸಾರ್."

"ಹಾಗಾದ್ರೆ ಬಾಯಲ್ಲೇ ಹೇಳು."

ನಾನು ಪುಸ್ತಕ ತೆರೆದವನೇ ಅಲ್ಲ. ಆದರೆ ಮೇಡಂ ಮಾಡಿದ್ದ ಆ ಪಾಠವನ್ನು ತರೀಕೆರೆ ಬಸ್ಸಿನಲ್ಲಿ ಗೆಳೆಯರಿಗೆ ಎಷ್ಟೋ ಸಲ ಆಡಿ ತೋರಿಸಿದ್ದೆ. ಪಾಠವೇನೋ ಗಂಟಲಲ್ಲಿತ್ತು, ಅವರ ದನಿಯಲ್ಲಿ ಮಾತ್ರ. ನನ್ನ ದನಿಯಲ್ಲಿ ಬಾಯಿ ತೆರೆದೆ. ಒಂದು ಪದವೂ ಬರಲಿಲ್ಲ. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಕಣ್ಣು ಮುಚ್ಚಿಕೊಂಡೆ.

"ಕಣ್ಣು ನೋಡ್ರಪ್ಪಾ... ಹ್ಹುಂ... ಎಷ್ಟು ದೊಡ್ಡದು! ಯಾಕೆ? ಕದಡಿದ ನೀರಲ್ಲಿ ಬೇಟೆ ಕಾಣ್ಬೇಕಲ್ಲ?" ಮೇಡಂ ಅವರದೇ ಮೂಗಿನ ರಾಗ, ಅವರದೇ ಒಣಕೆಮ್ಮು. ಹಾಗೆ ಕೆಮ್ಮದಿದ್ದರೆ ಮುಂದಿನ ಸಾಲು ನೆನಪಾಗುತ್ತಿರಲಿಲ್ಲ. ಪರೀಕ್ಷಕರು ಕರ್ಚೀಫಿನಲ್ಲಿ ಬಾಯಿ ಮುಚ್ಚಿ ನಕ್ಕರು. ನಿಲ್ಲಿಸಿದರೆ ಮುಳುಗಿದೆ ಎಂದು ದವಡೆ, ಹಲ್ಲು, ಬಾಲದವರೆಗೂ ಹಾಗೇ ಹೇಳುತ್ತಾ ಹೋದೆ.

ಮುಗಿದ ಮೇಲೆ ಮೇಡಂ ಮೆಲ್ಲಗೆ ಕೇಳಿದರು: "ನಾನು ಹೀಗಾ ಮಾತಾಡೋದು?"

ಪರೀಕ್ಷಕರು ತಲೆ ತಗ್ಗಿಸಿ ಅಂಕ ಬರೆದರು.

ಪಾಸಾದೆ. ಅಂಕಪಟ್ಟಿ ತರಲು ಹೋದ ದಿನ ಮೇಡಂ ಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು ಅರ್ಧಕ್ಕೇ ನಿಲ್ಲಿಸಿದರು. ನಾನು ಮೆಟ್ಟಿಲಿಳಿದು ಹೋಗುವವರೆಗೂ ಅವರ ದನಿ ಮತ್ತೆ ಕೇಳಿಸಲಿಲ್ಲ.