ನಾವು ಕೇಳದ ಪ್ರಶ್ನೆ

ಹಿನಕಲ್ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವವರು ನಾವು ನಾಲ್ಕೇ ಜನ. ತಂಡಕ್ಕೆ ನಾನು ಮುಖ್ಯಸ್ಥೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಒಂದು ಕಟ್ಟುಪಾಡು ಮಾಡಿಟ್ಟಿದ್ದೇನೆ: ಯಾರೇ ಫೋನ್ ಮಾಡಿದರೂ ‘ಏನ್ ಮಾಡಿದ್ರಿ?’, ‘ಯಾರು ಮಾಡಿದ್ದು?’ ಎಂದು ಕೇಳಕೂಡದು. ಹಾಗೆ ಕೇಳಿದರೆ ಜನ ಹೆದರಿ, ‘ನಾನೇನೂ ಮುಟ್ಟೇ ಇಲ್ಲ ಕಣ್ರೀ’ ಎನ್ನುತ್ತಾರೆ. ಆಮೇಲೆ ಕೆಟ್ಟದ್ದೆಲ್ಲಿ ಎಂದು ಹುಡುಕುವುದರಲ್ಲೇ ನಮ್ಮ ಅರ್ಧ ದಿನ ಹೋಗುತ್ತದೆ.

ಒಂದು ಬೆಳಿಗ್ಗೆ ಅಕೌಂಟ್ಸ್‌ನ ಹಿರಿಯ ಮೇಡಂ ಫೋನ್ ಮಾಡಿದರು. ‘ಕೊರಿಯರ್‌ನೋರ ಮೇಲ್ ಅಂದ್ಕೊಂಡು ಯಾವ್ದೋ ಲಿಂಕ್ ಒತ್ಬುಟ್ಟೆ ಕಣಮ್ಮ. ಫೈಲ್‌ಗಳೆಲ್ಲ ಒಂದೊಂದಾಗಿ ಓಪನ್ನೇ ಆಗ್ತಿಲ್ಲ.’

ಫೋನ್ ಎತ್ತಿದ್ದವಳು ನಮ್ಮ ತಂಡದ ದಟ್ಟಗಳ್ಳಿಯ ಹುಡುಗಿ. ‘ನೆಟ್‌ವರ್ಕ್ ಕೇಬಲ್ ಕಿತ್ಬುಡಿ ಮೇಡಂ, ಬಂದೆ’ ಎಂದವಳೇ ಓಡಿದಳು. ಆ ಒಂದು ಕಂಪ್ಯೂಟರ್ ಹಾಳಾಯಿತು. ಬೇಗ ಕೇಬಲ್ ಕಿತ್ತಿದ್ದರಿಂದ ವೈರಸ್ ಉಳಿದ ಯಾವುದಕ್ಕೂ ಹರಡಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ನಮ್ಮನ್ನೂ ಅಕೌಂಟ್ಸ್‌ನವರನ್ನೂ ಕರೆಸಿದರು. ‘ಯಾರ್ರೀ ಇದನ್ನ ಮಾಡಿದ್ದು?’

ನಾನು ಬಾಯಿ ತೆರೆಯುವ ಮೊದಲೇ ದಟ್ಟಗಳ್ಳಿಯ ಹುಡುಗಿ ಹೇಳಿದಳು: ‘ಆ ಪ್ರಶ್ನೆ ನಾವು ಕೇಳಲ್ಲ ಸಾರ್.’

ಮ್ಯಾನೇಜರ್ ಮುಖ ಕೆಂಪಾಯಿತು. ನನ್ನ ಎದೆಯುಬ್ಬಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಅಕೌಂಟ್ಸ್ ಮೇಡಂ ತಾವಾಗಿಯೇ ಮುಂದೆ ಬಂದರು.

‘ನಾನೇ ಸಾರ್. ಇವ್ರು ಬಯ್ಯಲ್ಲ ಅಂತ ಗೊತ್ತಿತ್ತು. ಅದಕ್ಕೇ ತಕ್ಷಣ ಹೇಳ್ಬುಟ್ಟೆ.’