ನೆದ್ಯಾಲ್ಕ ಓದಿದ ಚಾಸಿಸ್ ನಂಬರು

ನೆದ್ಯಾಲ್ಕಳ ಅಜ್ಜ ಗಂಚೊ ಸೇನೆಯ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವನು. ಹಿಮದಲ್ಲಿ ಮೂಡಿದ ಗೊರಸಿನ ಗುರುತು ಹಿಡಿದು ಕಳುವಾದ ಕುದುರೆಯನ್ನು ಬೆಟ್ಟದಾಚೆಯಿಂದ ಎಳೆದು ತಂದವನು. ಅಪ್ಪ ತೊದೊರ್ ಪುಸ್ತಕ ಮುಟ್ಟದೆಯೇ ಟ್ರ್ಯಾಕ್ಟರ್ ರಿಪೇರಿ ಕಲಿತವನು. ಇವಳು ತ್ರೊಯಾನ್ ಬೆಟ್ಟದ ಒಂಬತ್ತು ಹಳ್ಳಿಗೆ ಅಂಚೆ ಹಂಚುವವಳು. ಗಾಡಿಗಳ ಮೈಮೇಲೆ ಕುಟ್ಟಿದ ನಂಬರು ಓದುವುದನ್ನು ಊರೂರಿನ ಬೈಕುಗಳ ಮೇಲೆ ಬಗ್ಗಿ ಬಗ್ಗಿ ತಾನೇ ಕಲಿತಳು. ವಿದ್ಯೆಗೆ ಶಾಲೆಯೇ ಬೇಕೆನ್ನುವವರು ಇವಳನ್ನು ನೋಡಬೇಕಿತ್ತು.

ಅವಳ ನೀಲಿ ಬೈಕು ಚರ್ಚಿನ ಗೋಡೆ ಪಕ್ಕದಿಂದ ಮಾಯವಾಗಿ ಎರಡು ವಾರವಾಗಿತ್ತು. ಸೋಮವಾರದೊಳಗೆ ತನ್ನ ಹೆಸರಿನ ಗಾಡಿ ತೋರಿಸದಿದ್ದರೆ ಕೆಲಸ ಬೇರೆಯವರಿಗೆ ಎಂದು ಕಚೇರಿ ಹೇಳಿತ್ತು. ಭಾನುವಾರ ಅವಳೂ ನೆರೆಮನೆಯ ನಾನೂ ವಾಹನ ಸಂತೆಗೆ ಹೋದೆವು. ಒಂದು ಕೆಂಪು ಬೈಕಿನ ಮುಂದೆ ಅವಳ ಕಾಲು ನಿಂತುಬಿಟ್ಟಿತು. ಬಣ್ಣ ಬೇರೆಯಾದರೂ ಹಿಂದಿನ ಕ್ಯಾರಿಯರ್ ಅವಳೇ ಬೆಸುಗೆ ಹಾಕಿಸಿದ್ದು. ಹ್ಯಾಂಡಲ್ ಬುಡದಲ್ಲಿ ಕುಟ್ಟಿದ್ದ ಚಾಸಿಸ್ ನಂಬರು ಮಾತ್ರ ಅವಳದಲ್ಲ.

"ಏನಕ್ಕಾ, ಕನ್ನಡಕ ಮನೇಲಿ ಬಿಟ್ಟು ಬಂದ್ಯಾ?" ಎಂದ ಅದನ್ನು ಮಾರಲು ನಿಂತಿದ್ದ ಕ್ರುಮ್. "ಕೊಳ್ಳೋದಾದ್ರೆ ಕೊಳ್ಳು, ಇಲ್ಲಾಂದ್ರೆ ದಾರಿ ಬಿಡು."

ಅವಳು ಚಿಂದಿಗೆ ಪ್ಲಮ್ ಸಾರಾಯಿ ಹಚ್ಚಿ ಹ್ಯಾಂಡಲ್ ಬುಡ ಒರೆಸಿದಳು. ಸಿಗರೇಟಿನ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದಳು. ಅಕ್ಷರ, ಅಂಕಿ ಸೇರಿ ಹದಿನೇಳು ಗುರುತು ಮೂಡಿದವು.

"ಮೊದಲ ಮೂರು ದೇಶ, ಕಾರ್ಖಾನೆ. ಸರಿಯಾಗಿದೆ. ಮುಂದಿನವು ನೂರಿಪ್ಪತ್ತೈದು ಸಿಸಿ ಎಂಜಿನ್ನು ಅಂತವೆ. ಹತ್ತನೇದು ವರ್ಷ, ಎರಡು ಸಾವಿರದ ಮೂರು. ನಿನ್ನ ಗಾಡಿಗಿರೋದು ಇನ್ನೂರೈವತ್ತು ಸಿಸಿದು ಕಣಪ್ಪಾ. ಈ ಮಾಡೆಲ್ಲು ಹೊರಬಂದಿದ್ದೇ ಎರಡು ಸಾವಿರದ ಎಂಟರಲ್ಲಿ!"

ಕ್ರುಮ್‌ನ ನಗು ಆರಿತು. ಗುಜರಿಗೆ ಹೋದ ಚಿಕ್ಕಪ್ಪನ ಗಾಡಿಯ ಕಾಗದ ಕೈಯಲ್ಲಿದೆಯೆಂದು ಅದರ ನಂಬರನ್ನೇ ಇದಕ್ಕೆ ಕುಟ್ಟಿದ್ದನಂತೆ. ಆ ನಂಬರು ಬಾಯಿ ಬಿಡುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಅವನ ಕಡೆಯ ಇಬ್ಬರು ನಮ್ಮ ಬೆನ್ನ ಹಿಂದೆ ಬಂದು ನಿಂತರು. ಅವನು ಬೈಕು ಹತ್ತಿ ಕೀಲಿ ತಿರುಗಿಸಿದ. ನೆದ್ಯಾಲ್ಕ ಮುಂದಿನ ಚಕ್ರಕ್ಕೆ ಅಡ್ಡವಾಗಿ ಕೆಸರಲ್ಲೇ ಕೂತಳು. ಎಂಜಿನ್ನಿನ ಅಡಿಗೆ ಕೈ ತೂರಿಸಿ, ಅಲ್ಲಿ ಕುಟ್ಟಿದ್ದ ನಂಬರಿನ ಮೇಲಿನ ಗ್ರೀಸು ಕೆರೆದಳು.

"ಹತ್ತಿಸೋದಾದ್ರೆ ಹತ್ತಿಸು! ಎಂಜಿನ್ ನಂಬರು ಉಜ್ಜಿ ಅಳಿಸೋಕೆ ಮೈಗಳ್ಳತನ ಬಂತಾ?" ಎಂದು ಚೀಲದಿಂದ ತನ್ನ ಕಾಗದ ತೆಗೆದು ಎತ್ತಿ ಹಿಡಿದಳು. ಕಾಗದದ ನಂಬರು, ಎಂಜಿನ್ನಿನ ನಂಬರು ಎರಡೂ ಒಂದೇ.

ಗಲಾಟೆಗೆ ಸಂತೆಯ ಪೊಲೀಸ್ ವೆಲಿನ್ ಓಡಿಬಂದು ಕೀಲಿ ಕಿತ್ತುಕೊಂಡ. "ಗಾಡಿ ನಿಮ್ದೇ ಅಕ್ಕಾ. ಆದ್ರೆ ತನಿಖೆ ಮುಗಿಯೋವರೆಗೂ ಠಾಣೇಲಿರಬೇಕು. ರಸೀದಿ ಕೊಡ್ತೀನಿ."

ಅಂದರೆ ಒಂದು ತಿಂಗಳು.

"ನನ್ನ ಗಾಡಿ ತಗೊಂಡು ಹೋಗು ತಂಗೀ," ಎಂದೆ.

ಕೈಯ ಗ್ರೀಸನ್ನು ಹುಲ್ಲಿಗೆ ಒರೆಸಿಕೊಂಡು ಅವಳು ಎದ್ದಳು.

"ಬೇಡ ಲಾಲ್ಯೂ ಅಣ್ಣಾ. ನನ್ನ ಹೆಸರಲ್ಲಿ ಗಾಡಿ ಇದೆ ಅಂತ ಈ ರಸೀದಿ ಹೇಳುತ್ತೆ, ಸೋಮವಾರ ಕಚೇರೀಲಿ ಇದನ್ನೇ ತೋರಿಸ್ತೀನಿ. ಹಳ್ಳಿಗಳಿಗೆ ನಡ್ಕೊಂಡೇ ಹೋಗ್ತೀನಿ. ನಿನ್ನ ಗಾಡಿ ಹತ್ತಿ ಕೆಲಸ ಉಳಿಸ್ಕೊಂಡ್ರೆ, ನಾಳೆ ಅದು ನಿನ್ನ ಕೆಲಸ ಆಗುತ್ತೆ, ನಂದಲ್ಲ."