ಅಮ್ಮ ಗಾಳ ಹಿಡಿದ ವಸಂತ

ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ ಮೀನಿನ ಅಂಗಡಿಯ ಮುಂದೆ ಬಂದಾಗಲೆಲ್ಲ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಕರಗುತ್ತಿರುವ ಐಸು, ಉಪ್ಪು, ಆಗಷ್ಟೇ ಸೀಳಿದ ಕಹವಾಯ್ ಮೀನಿನ ನೆತ್ತರು, ಮೂರೂ ಬೆರೆತ ಆ ವಾಸನೆ ನನ್ನನ್ನು ನಾನು ಬೆಳೆದ ಲೋವರ್ ಹಟ್‌ನ ಹಳೆಯ ಮರದ ಮನೆಯ ಅಡುಗೆಮನೆಗೆ ಎಳೆದೊಯ್ಯುತ್ತದೆ. ಆ ಮನೆ ಈಗಿಲ್ಲ. ಕೆಡವಿ ಅಲ್ಲಿ ಸಾಲು ಮನೆ ಕಟ್ಟಿದ್ದಾರೆ. ತೇವಕ್ಕೆ ಉಬ್ಬಿ ಮುಚ್ಚಲಾಗದ ಹಿತ್ತಲ ಬಾಗಿಲು, ಹೀಟರಿನ ಮೇಲೆ ಒಣಗುತ್ತಿದ್ದ ನನ್ನ ಸ್ಕೂಲಿನ ಸಾಕ್ಸು, ಕಿಟಕಿಯ ಕೆಳಗಿನ ಸಿಂಕಿನಲ್ಲಿ ಅಮ್ಮನ ಚಾಕು ಪೊರೆ ಕೆರೆಯುವ ಸದ್ದು. ಮನೆ ಹೋದರೂ ಅದರ ಸದ್ದು ಕಿವಿಯಲ್ಲಿ ಉಳಿದುಬಿಡುವುದು ನಿಮಗೂ ಗೊತ್ತಿರಬಹುದು.

ಅಪ್ಪ ಮೈಸೂರಿನವನು, ಎಂಜಿನಿಯರ್. ಮೀನು ತಿನ್ನುವುದನ್ನೂ ಹಿಡಿಯುವುದನ್ನೂ ಈ ದೇಶಕ್ಕೆ ಬಂದ ಮೇಲೆ ಕಲಿತವನು. ಅಮ್ಮ ಕುಮಟಾದ ಕಡಲ ದಂಡೆಯಲ್ಲಿ ಬೆಳೆದವಳು, ಇಲ್ಲೊಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಶನಿವಾರ ಬಂದರೆ ಅಪ್ಪ ನದಿ ಸಮುದ್ರ ಸೇರುವ ಕಡೆಗೆ ಒಬ್ಬನೇ ಹೋಗಿ, ಸಿಕ್ಕಿದ ಮೀನನ್ನು ತಂದು ಸಿಂಕಿಗೆ ಹಾಕಿ ಸ್ನಾನಕ್ಕೆ ಹೊರಟುಬಿಡುತ್ತಿದ್ದ. ಕರುಳಿನ ವಾಸನೆ ಅವನಿಗೆ ಆಗುತ್ತಿರಲಿಲ್ಲ. "ನಾನೂ ಬರ್ಲಾ ರೀ ಒಂದ್ಸಲ?" ಎಂದು ಅಮ್ಮ ಕೇಳಿದ್ದು ನೆನಪಿದೆ. "ಅಲ್ಲಿ ಬಾಯಿ ಮುಚ್ಕೊಂಡು ನಿಂತಿರ್ಬೇಕು ಕಣೇ, ನಿನ್ ಕೈಲಿ ಆಗಲ್ಲ" ಎಂದು ಅಪ್ಪ ನನ್ನತ್ತ ಕಣ್ಣು ಮಿಟುಕಿಸಿದ. ಆ ನಗುವಿಗೆ ನಾನೂ ಸೇರಲಿ ಎಂದು ಅವನ ಆಸೆ. ನಾನು ಸೇರಲಿಲ್ಲ.

೨೦೧೩ರ ಚಳಿಗಾಲದಲ್ಲಿ, ನನಗೆ ಹನ್ನೊಂದು ತುಂಬಿದಾಗ, ಅಪ್ಪ ಜಾನ್ಸನ್‌ವಿಲ್‌ನಲ್ಲಿದ್ದ ಆಫೀಸಿನ ಗೆಳತಿಯ ಮನೆಗೆ ಹೊರಟುಹೋದ. ಗಾಳದ ಹೊಸ ರಾಡನ್ನು ಜೊತೆಗೆ ಒಯ್ದು ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟಿದ್ದ. ಪರಿಚಯದ ಕನ್ನಡದ ಆಂಟಿಯರು ಡಬ್ಬಿಯಲ್ಲಿ ಸಾರು ಹಿಡಿದು ಬಂದು, "ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿದ್ರೆ..." ಎಂದು ಬುದ್ಧಿ ಹೇಳಿ ಹೋದರು. ಅಮ್ಮ ಅವರೆದುರು ಅಳಲಿಲ್ಲ. ಇಲ್ಲಿ ವಸಂತ ಶುರುವಾಗುವ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆ ಹಳೆಯ ರಾಡಿನ ರೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಾ ಕೂತಿದ್ದಳು. ಎಲ್ಲಿಗೆ ಎಂದೆ. "ನಿಮ್ಮಪ್ಪ ನಿಲ್ಲೋ ಜಾಗಕ್ಕೆ" ಎಂದಳು. ನಾನು ಓಡಿಹೋಗಿ ಗಮ್‌ಬೂಟ್ ಹಾಕಿಕೊಂಡೆ.

ಅಪ್ಪ ವರ್ಷವಿಡೀ ಒಂದೇ ಥರದ ದಪ್ಪನೆಯ, ಥಳಥಳಿಸುವ ಲೂರ್, ಗಾಳದ ಹುಸಿ ಮೀನು, ಕಟ್ಟಿ, ಆದಷ್ಟು ದೂರಕ್ಕೆ ಬೀಸುತ್ತಿದ್ದ. ಆದರೆ ಅಷ್ಟು ವರ್ಷ ಅವನ ಮೀನಿನ ಹೊಟ್ಟೆ ಸೀಳಿದವಳು ಅಮ್ಮ. ವಸಂತ ಶುರುವಾಗುವಾಗ ಆ ಹೊಟ್ಟೆಗಳ ತುಂಬ ಕಡಲಿನಿಂದ ನದಿಗೆ ಏರಿಬರುವ ವೈಟ್‌ಬೇಟ್ ಮರಿಗಳು, ಶ್ಯಾವಿಗೆ ಎಳೆಯಂಥವು, ಇರುತ್ತವೆಂದು ಅವಳು ಕಂಡಿದ್ದಳು. ಆ ಮರಿಗಳು ದಡಕ್ಕೆ ಒತ್ತಿಕೊಂಡೇ ಈಜುತ್ತವೆ, ಕಹವಾಯ್ ಅವುಗಳ ಬೆನ್ನು ಹತ್ತಿ ಬರುತ್ತದೆ. ಅದಕ್ಕೇ ಅವಳು ಕಿರುಬೆರಳಿನಷ್ಟು ತೆಳ್ಳನೆಯ ಬೆಳ್ಳಿ ಬಣ್ಣದ ಲೂರ್ ಆರಿಸಿ, ಉಬ್ಬರದ ನೀರು ಒಳಗೆ ಬರುವ ಹೊತ್ತಿಗೆ ದಡದ ಗುಂಟವೇ ಎಸೆದು, ಬೆದರಿದ ಮರಿಯಂತೆ ಎಳೆದು, ಬಿಟ್ಟು, ಮತ್ತೆ ಎಳೆಯುತ್ತಿದ್ದಳು. ಮೊದಮೊದಲು ಏನೂ ಸಿಗಲಿಲ್ಲ. ದಾರ ಗಂಟಾಗಿ ಬೆರಳು ಕೊಯ್ದುಕೊಂಡಳು. ಆಮೇಲೊಂದು ಶನಿವಾರ ರಾಡ್ ನೀರಿನತ್ತ ಬಾಗಿತು, ಅಮ್ಮ ಕೊಂಕಣಿಯಲ್ಲಿ ಕೂಗಿಕೊಂಡಳು.

ಅಪ್ಪ ಗೆಳತಿಯನ್ನು ಕರೆದುಕೊಂಡು ಬಂದಾಗ ಅಮ್ಮನ ಬಕೆಟ್ಟಿನಲ್ಲಿ ಮೀನು ಒದ್ದಾಡುತ್ತಿತ್ತು. ಅವನು ಅಷ್ಟು ದೂರದಲ್ಲಿ ನಿಂತು ಬೀಸಿದ. ಅಮ್ಮ ಸರಿದು ಅವನ ಪಕ್ಕಕ್ಕೇ ಹೋಗಿ ನಿಂತಳು. ಅವಳಿಗೆ ಮತ್ತೊಂದು ಬಿತ್ತು, ಇನ್ನೊಂದು ಬಿತ್ತು. ಅವನಿಗೆ ಪಾಚಿ. ಪಕ್ಕದಲ್ಲಿ ಗಾಳ ಹಾಕಿದ್ದ ಈ ದೇಶದ ಮುದುಕರು ಅಮ್ಮನಿಗೆ ಶಿಳ್ಳೆ ಹೊಡೆದರು. ಕೊನೆಗೆ ಅಪ್ಪ, ಗೆಳತಿಗೆ ಅರ್ಥವಾಗದಿರಲೆಂದೋ ಏನೋ, ಕನ್ನಡದಲ್ಲಿ ಮೆಲ್ಲಗೆ ಕೇಳಿದ: "ಯಾವ ಲೂರ್ ಹಾಕಿದೀಯೇ?"

ಅಮ್ಮ ಬಕೆಟ್ಟಿನಿಂದ ದೊಡ್ಡ ಮೀನೊಂದನ್ನು ಎತ್ತಿ, ನೆತ್ತರು ಸೋರುತ್ತಿದ್ದಂತೆಯೇ ಅವನ ಬಿಳಿ ಜಾಕೆಟ್ಟಿಗೆ ಒತ್ತಿದಳು. "ಹೊಟ್ಟೆ ಸೀಳಿ ನೋಡ್ಕೋ. ಈ ಸಲ ನೀನೇ ಸೀಳು."

ಅಲ್ಲಿಯವರೆಗೆ ಅಮ್ಮ ಅವನನ್ನು 'ನೀನು' ಎಂದದ್ದನ್ನು ನಾನು ಕೇಳಿರಲಿಲ್ಲ. ಅಪ್ಪನ ಮುಖ ಸುಣ್ಣದಂತಾಯಿತು. ನನಗೆ ಅದೂ ಸಾಲಲಿಲ್ಲ. ಕಾಲು ಜಾರಿ ನೀರಿಗೆ ಬೀಳಲಿ ಎಂದು ಅವನ ಬೂಟುಗಳನ್ನೇ ನೋಡುತ್ತಾ ನಿಂತಿದ್ದೆ. ಆಮೇಲೂ ಅಪ್ಪ ಹಟಕ್ಕೆ ಕೆಲವು ವಾರ ಬಂದ. ಪ್ರತಿ ಸಲ ಅಮ್ಮ ಪಕ್ಕದಲ್ಲೇ ನಿಂತು ಹಿಡಿದು, ದಡದಲ್ಲಿದ್ದ ಎಲ್ಲರಿಗೂ ಹಂಚಿ, ಅವನೊಬ್ಬನನ್ನು ಬಿಟ್ಟಳು. ಮುಂದಿನ ವಸಂತಕ್ಕೆ ಅವನು ಗಾಳದ ಸಾಮಾನೆಲ್ಲ ಮಾರಿದನೆಂಬ ಸುದ್ದಿ ಬಂತು. ಆ ದಿನ ಅಮ್ಮ ಕಾರಿನಲ್ಲಿ ದಾರಿಯುದ್ದಕ್ಕೂ ಹಾಡಿದಳು.

ನನ್ನ ಹೈಸ್ಕೂಲಿನ ಕೊನೆಯ ವರ್ಷ ಕಾಯಿಲೆ ಅವಳನ್ನು ಕರೆದುಕೊಂಡು ಹೋಯಿತು. ಅಂತ್ಯಕ್ರಿಯೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ ಅಪ್ಪ ಮನೆಯವರೆಗೂ ಬಂದ. ಮಿಕ್ಕವರೆಲ್ಲ ಹೋದ ಮೇಲೆ, "ಸಾರಿ ಕೇಳೋಕೂ ಬಿಡ್ಲಿಲ್ಲ ನಿಮ್ಮಮ್ಮ" ಎಂದ. "ಹೌದು, ಬಿಡ್ಲಿಲ್ಲ" ಎಂದೆ. ಫ್ರೀಜರ್ ತೆರೆದರೆ ಅಮ್ಮ ತೊಳೆದು, ಹೆಚ್ಚಿ, ಪೊಟ್ಟಣ ಕಟ್ಟಿಟ್ಟ ಕಹವಾಯ್ ಒಂದೇ ಒಂದು ಉಳಿದಿತ್ತು. ಐಸು ಬಿಡಿಸಿ, ಅದಕ್ಕೆ ಖಾರ, ಹುಳಿ ಸವರಿ ಹೆಂಚಿನ ಮೇಲೆ ಹಾಕಿದೆ. ಅಪ್ಪ ಊಟದ ಮೇಜಿನ ಆಚೆ ಕೂತು ನೋಡುತ್ತಿದ್ದ. ಬೆಳಿಗ್ಗೆಯಿಂದ ಅವನೂ ಏನೂ ತಿಂದಿರಲಿಲ್ಲ. ನಾನು ಒಂದೇ ತಟ್ಟೆ ತೆಗೆದೆ. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಅಮ್ಮನ ಕೈ ಮುಟ್ಟಿದ್ದ ಆ ಮೀನನ್ನು, ಮುಳ್ಳು ಬಿಡಿಸಿ ಬಿಡಿಸಿ, ನಾನೊಬ್ಬಳೇ ತಿಂದು ಮುಗಿಸಿದೆ.